ಸೇಂಟ್ ಲೂಯಿಸ್ ಪೋರ್ಕ್ ಸ್ಟೇಕ್: ಸಾಸ್ ಹಚ್ಚಿದ್ದೇ ಹೊತ್ತಿ ಉರೀತು, ಎಲ್ಲಿ ತಪ್ಪಿದೆ?

ಮೈಸೂರು ಟು ಮಿಸೌರಿ · ಭಾನುವಾರ, ಬೆಳಿಗ್ಗೆ 9:12

ಎಲ್ಲರಿಗೂ ನಮಸ್ಕಾರ. ನಾವು ಸೇಂಟ್ ಲೂಯಿಸಿಗೆ ಬಂದು ಏಳು ತಿಂಗಳಾಯ್ತು. ಪಕ್ಕದ ಮನೆ ತಾತ ಈ ಊರಲ್ಲೇ ಹುಟ್ಟಿ ಬೆಳೆದವರು. ಚಳಿ ಬಿಟ್ಟಾಗಿನಿಂದ ಪ್ರತಿ ಭಾನುವಾರ ಹಿತ್ತಲಲ್ಲಿ ಇದ್ದಿಲು ಹಚ್ಚಿ ಪೋರ್ಕ್ ಸ್ಟೇಕ್ ಮಾಡ್ತಾರೆ. ಹೊಗೆ ಬೇಲಿ ಹಾರಿ ಸೀದಾ ನಮ್ಮ ಅಡುಗೆಮನೆ ಕಿಟಕಿಗೆ ಬರುತ್ತೆ. ಹೋದ ತಿಂಗಳು ಒಂದು ತುಂಡು ಫಾಯಿಲಲ್ಲಿ ಸುತ್ತಿ ಕೊಟ್ರು. ಮೂಳೆ ಹಿಡಿದು ಎತ್ತಿದ್ರೆ ಮಾಂಸ ತಟ್ಟೆಯಲ್ಲೇ ಉಳೀತು, ಅಷ್ಟು ಮೆತ್ತಗಿತ್ತು.

ನಿನ್ನೆ ನಾನೂ ಮಾಡಿದೆ. ಅಂಗಡೀಲಿ ಪೋರ್ಕ್ ಸ್ಟೇಕ್ ಅಂತಾನೇ ಪ್ಯಾಕೆಟ್ ಸಿಗುತ್ತೆ, ಮುಕ್ಕಾಲು ಇಂಚು ದಪ್ಪ, ನಡುವೆ ಚಪ್ಪಟೆ ಮೂಳೆ. ನಮ್ಮ ಚಿಕನ್ ಕಬಾಬಿಗೆ ಮಸಾಲೆ ಹಚ್ಚಿಡೋ ಲೆಕ್ಕದಲ್ಲಿ ಬಾಟಲಿ ಬಾರ್ಬೆಕ್ಯೂ ಸಾಸ್ ಸುರಿದು ರಾತ್ರಿಯಿಡೀ ನೆನೆಸಿಟ್ಟೆ. ಕೆಂಡದ ಮೇಲೆ ಇಟ್ಟು ಎರಡು ನಿಮಿಷ ಆಗಿಲ್ಲ, ಭಗ್ ಅಂತ ಬೆಂಕಿ. ಹೊರಗೆಲ್ಲ ಟಾರು, ಒಳಗೆ ರಬ್ಬರು. ನನ್ನ ಹೆಂಡತಿ ಒಂದು ಚೂರು ಅಗಿದು "ಇದು ಹಂದೀದಾ, ಹವಾಯಿ ಚಪ್ಪಲೀದಾ?" ಅಂತ ಕೇಳಿದಳು. ಗೊತ್ತಿರೋರು ದಯವಿಟ್ಟು ದಾರಿ ತೋರಿಸಿ. ಜುಲೈ ನಾಲ್ಕಕ್ಕೆ, ಅಂದ್ರೆ ಇಲ್ಲಿನ ಸ್ವಾತಂತ್ರ್ಯ ದಿನಕ್ಕೆ, ನೆಂಟರು ಬರ್ತಿದಾರೆ.

ಕೆಂಡಗಣ್ಣ · ಭಾನುವಾರ, 10:05

ಗುರೂ, ಮಾಂಸದ್ದೇನೂ ತಪ್ಪಿಲ್ಲ, ನಿನ್ನ ಕ್ರಮ ತಲೆಕೆಳಗಾಗಿದೆ. ನಾನು ಈ ಊರಿಗೆ ಬಂದು ಹದಿನೇಳು ವರ್ಷ ಆಯ್ತು. ಮೊದಲ ಎರಡು ಬೇಸಿಗೆ ನಾನೂ ಅದೇ ಟಾರು ತಿಂದಿದ್ದು.

ಮೊದಲು ಆ ತುಂಡು ಎಲ್ಲಿಯದು ಅಂತ ತಿಳ್ಕೋ. ಹೆಸರಿಗೆ ಸ್ಟೇಕ್, ಆದ್ರೆ ಅದು ಹಂದಿಯ ಹೆಗಲು. ಇಲ್ಲಿಯವರು ಬಾಸ್ಟನ್ ಬಟ್ ಅಂತಾರೆ. ಬಟ್ ಅಂತ ಕರೆದ್ರೂ ಹಿಂಭಾಗಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಡೀ ಹೆಗಲನ್ನ ಮೂಳೆ ಸಮೇತ ಗರಗಸದ ಮೆಷಿನ್ನಿಗೆ ಕೊಟ್ಟು ಬ್ರೆಡ್ ಥರ ಹೋಳು ಮಾಡ್ತಾರೆ. ದಿನವಿಡೀ ಮೈಭಾರ ಹೊತ್ತ ಮಾಂಸಖಂಡ ಅದು. ಕೊಬ್ಬು ಎಷ್ಟಿದೆಯೋ ನಾರೂ ಅಷ್ಟೇ. ಅಮೆರಿಕದ ಕೃಷಿ ಇಲಾಖೆ 2011ರಲ್ಲಿ, ಹಂದಿಯ ಇಡೀ ತುಂಡುಗಳು ಒಳಗೆ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಮೂರು ನಿಮಿಷ ಕೂತರೆ ಸಾಕು ಅಂತ ನಿಯಮ ಸಡಿಲಿಸಿತು. ಅದು ಹೊಟ್ಟೆ ಕೆಡದಿರೋ ಲೆಕ್ಕ, ಹಲ್ಲಿನ ಲೆಕ್ಕ ಬೇರೆ. ಹೆಗಲಿನ ನಾರು ಕರಗಿ ಅಂಟಂಟಾಗಬೇಕಾದ್ರೆ 90ರ ಆಸುಪಾಸಿಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಬೇಕು. ನಿಂದು ಹೊರಗೆ ಹೊತ್ತಿ ಹೋದಾಗ ಒಳಗೆ ಇನ್ನೂ ದಾರಿ ಅರ್ಧ ಆಗಿತ್ತು.

ಇನ್ನು ಸಾಸು. ಅದರಲ್ಲಿ ಇರೋದು ಟೊಮೆಟೊ, ವಿನಿಗರ್ ಮತ್ತು ಸಿಕ್ಕಾಪಟ್ಟೆ ಸಕ್ಕರೆ. ಹಸಿ ಮಾಂಸಕ್ಕೆ ಸಕ್ಕರೆ ಮೆತ್ತಿ ಕೆಂಡದ ಮೇಲೆ ಇಟ್ರೆ ಇನ್ನೇನಾಗುತ್ತೆ? ಬೆಲ್ಲದ ಪಾಕ ಒಲೆ ಮೇಲೆ ಮರೆತ ಹಾಗೆ. ಮೇಲಿಂದ ಕೊಬ್ಬು ಬೇರೆ ತೊಟ್ಟಿಕ್ಕಿ ಬೆಂಕಿ ಏಳುತ್ತೆ.

ಇಲ್ಲಿನ ಹಳಬರ ಕ್ರಮ ಹೀಗೆ. ಹಿಂದಿನ ರಾತ್ರಿ ಬರೀ ಉಪ್ಪು, ಮೆಣಸು, ಬೇಕಿದ್ರೆ ಬೆಳ್ಳುಳ್ಳಿ ಪುಡಿ. ಇದ್ದಿಲನ್ನೆಲ್ಲ ಒಲೆಯ ಒಂದೇ ಬದಿಗೆ ಸರಿಸು, ಇನ್ನೊಂದು ಬದಿ ಖಾಲಿ ಇರಲಿ. ತುಂಡನ್ನ ಕೆಂಡದ ಬದಿ ನಾಲ್ಕೈದು ನಿಮಿಷ, ತಿರುವಿ ಇನ್ನೊಂದು ನಾಲ್ಕೈದು ನಿಮಿಷ, ಬಣ್ಣ ಬರೋವರೆಗೆ. ಬೆಂಕಿ ಎದ್ರೆ ನೀರು ಚಿಮುಕಿಸಬೇಡ, ಪಕ್ಕಕ್ಕೆ ಎಳಿ ಅಷ್ಟೇ. ಆಮೇಲೆ ಅಲ್ಯೂಮಿನಿಯಂ ಟ್ರೇಯಲ್ಲಿ ದಪ್ಪ ಬಿಲ್ಲೆಯಾಗಿ ಹೆಚ್ಚಿದ ಈರುಳ್ಳಿ, ಅದರ ಮೇಲೆ ತುಂಡುಗಳು, ಒಂದು ಬಾಟಲಿ ಸಾಸಿಗೆ ಅರ್ಧ ಕ್ಯಾನ್ ಬಿಯರ್. ಮೇಲೆ ಫಾಯಿಲ್ ಬಿಗಿದು ಖಾಲಿ ಬದಿಗೆ ಇಟ್ಟು ಒಲೆ ಮುಚ್ಚಿಬಿಡು. ಒಂದರಿಂದ ಒಂದೂವರೆ ಗಂಟೆ. ಮೂಳೆ ಪಕ್ಕ ಫೋರ್ಕ್ ಚುಚ್ಚಿ ತಿರುಗಿಸಿದ್ರೆ ಸಲೀಸಾಗಿ ತಿರುಗಬೇಕು. ಕೊನೆಗೆ ಹೊಸ ಸಾಸು ತೆಳ್ಳಗೆ ಸವರಿ ಕೆಂಡದ ಮೇಲೆ ಮಗ್ಗುಲಿಗೆ ಒಂದು ನಿಮಿಷ. ಮುಗೀತು.

ಧಾರವಾಡ ಫೇಡೆ · ಭಾನುವಾರ, 10:48

ಅಲ್ರೀ ಕೆಂಡಗಣ್ಣ, ತಾಟಿನ್ಯಾಗ ಸಾಸು ಬಿಯರ್ ಸುರುವಿ ಫಾಯಿಲ್ ಮುಚ್ಚಿ ಕುದಿಸಿದ್ರ ಅದು ಬಾರ್ಬೆಕ್ಯೂ ಹ್ಯಾಂಗ ಆತು? ಅದು ಪಲ್ಯಾ ಆತು ನೋಡ್ರಿ. ನಮ್ಮ ಟೆಕ್ಸಸ್‌ನ್ಯಾಗ ಹಿಂಗ ಮಾಡಿದ್ರ ಒಲಿ ಹತ್ತರ ಬರಾಕ ಬಿಡಂಗಿಲ್ಲ.

ಪೋರ್ಕ್ ಸ್ಟೇಕ್ ನಿಮ್ಮೂರಿಂದಷ್ಟ ಅಂತ ತಿಳೀಬ್ಯಾಡ್ರಿ. ಆಸ್ಟಿನ್‌ದಿಂದ ಒಂದ್ ತಾಸಿನ ಹಾದಿ, ಲೆಕ್ಸಿಂಗ್ಟನ್ ಅಂತ ಸಣ್ಣ ಊರು. ಅಲ್ಲಿ ಸ್ನೋಸ್ ಬಾರ್ಬೆಕ್ಯೂ ಐತಿ. ವಾರಕ್ಕ ಒಂದ ದಿನ, ಶನಿವಾರ ಅಷ್ಟ ಬಾಗ್ಲಾ ತಗೀತಾರ. ಟೂಟ್ಸಿ ಟೊಮಾನೆಟ್ಜ್ ಅಂತ ಅಜ್ಜಿ, 1935ರಾಗ ಹುಟ್ಟಿದಾಕಿ, 1966ರಿಂದ ಬೆಂಕಿ ಮುಂದ ನಿಂತಾಳ. ಟೆಕ್ಸಸ್ ಮಂತ್ಲಿ ಪತ್ರಿಕೆ 2008ರಾಗ ಒಮ್ಮೆ, 2017ರಾಗ ಒಮ್ಮೆ ರಾಜ್ಯದಾಗ ನಂಬರ್ ಒಂದು ಅಂತ ಈ ಅಂಗಡೀನ ಆರಿಸಿತ್ತು. ಆಕಿ ಪೋರ್ಕ್ ಸ್ಟೇಕ್ ಮಾಡೂದು ನೇರ ಕೆಂಡದ ಮ್ಯಾಲ. ಸಲಿಕಿಯಿಂದ ಕೆಂಡ ತಂದು ಕೆಳಗ ಹರಡತಾಳ, ಉದ್ದನ ಹಿಡಿಕಿ ಕುಂಚದಾಗ ಹುಳಿ ನೀರು ಹೊಡೀತಿರತಾಳ. ಟ್ರೇ ಇಲ್ಲ, ಫಾಯಿಲ್ ಇಲ್ಲ. ನಾ ನಸುಕಿನ್ಯಾಗ ಎದ್ದು ಹೋಗಿ ಸಾಲಿನ್ಯಾಗ ನಿಂತು ತಿಂದೇನಿ. ಸಾಸು ಕೇಳಾಕ ಮನಸಾಗಲಿಲ್ಲ.

ಕೆಂಡಗಣ್ಣ · ಭಾನುವಾರ, 11:20

ಫೇಡೆ ಸಾಹೇಬ್ರೇ, ಟೂಟ್ಸಿ ಅಜ್ಜಿಗೆ ನನ್ನದೂ ಒಂದು ನಮಸ್ಕಾರ. ಆದ್ರೆ ಅವರದು ದಪ್ಪ ತುಂಡು, ಗಂಟೆಗಟ್ಟಲೆ ಕೆಂಡ ಹೊಂದಿಸೋ ಐವತ್ತು ವರ್ಷ ದಾಟಿದ ಕೈ. ನಮ್ಮದು ಸೂಪರ್ ಮಾರ್ಕೆಟ್ಟಿನ ಮುಕ್ಕಾಲು ಇಂಚಿನ ತುಂಡು, ಮುಚ್ಚಳ ಇರೋ ಗುಂಡಗಿನ ಕೆಟಲ್ ಒಲೆ, ಪಕ್ಕದಲ್ಲಿ ಸೈಕಲ್ ಹೊಡೀತಿರೋ ಮಗು. ನೇರ ಕೆಂಡದಲ್ಲೇ ಮುಗಿಸಿ ಅಂತ ಹೊಸಬರಿಗೆ ಹೇಳಿದ್ರೆ ಇನ್ನೊಂದು ಹವಾಯಿ ಚಪ್ಪಲಿ ಗ್ಯಾರಂಟಿ.

ಪಲ್ಯ ಅಂದ್ರಲ್ಲ, ಅದಕ್ಕೆ ಬೇಜಾರಿಲ್ಲ. ಈ ಊರಿನ ಪೋರ್ಕ್ ಸ್ಟೇಕ್ ಹುಟ್ಟಿದ್ದೇ ದುಡಿಯೋರ ಹಿತ್ತಲಲ್ಲಿ. 1950ರ ದಶಕದಲ್ಲಿ ಹೆಗಲು ಅಂದ್ರೆ ಅಗ್ಗದ ಮಾಂಸ. ಶ್ನಕ್ಸ್ ಅಂತ ಇಲ್ಲಿಯದೇ ದಿನಸಿ ಅಂಗಡಿಗಳಿವೆ. ಹೀಗೆ ಹೋಳು ಮಾಡಿ ಮಾರೋಕೆ ಶುರು ಮಾಡಿದ್ದು ತಾವೇ ಅಂತ ಅವರು ಹೇಳಿಕೊಳ್ತಾರೆ. ಮಾಲ್ಸ್ ಸಾಸು ಇನ್ನೂ ಹಳೇದು. ಆ ಕಂಪನಿ ಇದೇ ಊರಲ್ಲಿ 1897ರಲ್ಲಿ ಶುರುವಾಯ್ತು, ಬಾರ್ಬೆಕ್ಯೂ ಸಾಸ್ ತಂದಿದ್ದು 1926ರಲ್ಲಿ. ಬಿಯರ್ ಅಂತೂ ಆನ್‌ಹೈಸರ್ ಬುಶ್ ಕಾರ್ಖಾನೆಯಿಂದ ಬರುತ್ತೆ, ಅದೂ ಊರೊಳಗೇ. ಮಾಂಸ, ಸಾಸು, ಬಿಯರ್ ಮೂರೂ ಮನೆ ಹತ್ತಿರವೇ ಸಿಕ್ಕಾಗ ಜನ ಮೂರನ್ನೂ ಒಂದೇ ಟ್ರೇಗೆ ಹಾಕಿದ್ರು.

ಮೈಸೂರು ಟು ಮಿಸೌರಿ · ಭಾನುವಾರ, 11:41

ತಾತನ ಹಿತ್ತಲ ಮೇಜಿನ ಮೇಲೂ ಮಾಲ್ಸ್ ಬಾಟಲೀನೇ ಇರೋದು. ನಾನು ಹಾಕಿದ್ದು ಬೇರೆ, ಕಪ್ಪಗೆ ಜೇನುತುಪ್ಪದಷ್ಟು ಮಂದ.

ಕೆಂಡಗಣ್ಣ · ಭಾನುವಾರ, 11:50

ಅದು ಕಾನ್ಸಾಸ್ ಸಿಟಿ ಶೈಲಿ. ಕಾಕಂಬಿ ಹಾಕಿರ್ತಾರೆ, ಮಂದ, ಸಿಹಿ ಜಾಸ್ತಿ, ಬೇಗ ಹೊತ್ತುತ್ತೆ. ಸೇಂಟ್ ಲೂಯಿಸ್ ಸಾಸು ತೆಳ್ಳಗೆ, ವಿನಿಗರ್ ಮುಂದೆ ನಿಲ್ಲುತ್ತೆ. ಮಾಲ್ಸ್ ಬಾಟಲಿ ತಿರುಗಿಸಿ ಹಿಂದೆ ಓದು, ಸಣ್ಣ ಅಕ್ಷರದಲ್ಲಿ ಆಂಚೊವಿ ಅಂತ ಸಿಗುತ್ತೆ. ಮೀನು ಗುರೂ! ಬಾಯಿಗೆ ಮೀನು ಅಂತ ಸಿಗೋದೇ ಇಲ್ಲ, ಆದ್ರೆ ಆ ಉಪ್ಪುಪ್ಪು ಗಾಢತೆ ಅಲ್ಲಿಂದ ಬಂದಿದ್ದು.

ಬರೀ ಸೊಪ್ಪು · ಭಾನುವಾರ, ಮಧ್ಯಾಹ್ನ 12:30

ಕೆಂಪು ಸಾಸು ತಾನೇ ಅಂತ ಪಿಕ್‌ನಿಕ್‌ನಲ್ಲಿ ಎರಡು ವರ್ಷ ಮುಸುಕಿನ ಜೋಳಕ್ಕೆ ಅದನ್ನೇ ಹಚ್ಚಿಕೊಂಡು ತಿಂದಿದೀನಲ್ರೀ!! ಈಗ ಹೇಳ್ತೀರಾ?

ಕೆಂಡಗಣ್ಣ · ಭಾನುವಾರ, 12:33

ಕ್ಷಮಿಸಿ ಮೇಡಂ. ಈ ಸಲ ನಿಮಗೆ ಬೇರೆ ಒಲೆ, ಬೇರೆ ಇಕ್ಕಳ, ಬೇರೆ ಬಾಟಲಿ. ನಾನೇ ತರ್ತೀನಿ.

ಕುಡ್ಲ ಕಡಲು · ಭಾನುವಾರ, 1:15

ನಿಮ್ಮಿಬ್ಬರ ಜಗಳ ಆದ ಮೇಲೆ ನನ್ನದೂ ಸ್ವಲ್ಪ ಕೇಳಿ ಮಾರಾಯ್ರೆ. ನಾನಿರುವುದು ನಾರ್ತ್ ಕ್ಯಾರೊಲೈನಾದ ಶಾರ್ಲಟ್. ಇಲ್ಲಿ ಒಂದೇ ರಾಜ್ಯದೊಳಗೆ ಎರಡು ಪಂಗಡ ಉಂಟು. ಪೂರ್ವದವರು ಇಡೀ ಹಂದಿ ಸುಟ್ಟು ವಿನಿಗರ್, ಮೆಣಸು, ಉಪ್ಪು ಮಾತ್ರ ಹಾಕುವುದು, ಟೊಮೆಟೊ ಕಂಡರೆ ಆಗುವುದಿಲ್ಲ. ಲೆಕ್ಸಿಂಗ್ಟನ್ ಕಡೆಯವರು (ಇದು ಫೇಡೆಯವರ ಲೆಕ್ಸಿಂಗ್ಟನ್ ಅಲ್ಲ, ನಮ್ಮಲ್ಲೂ ಒಂದುಂಟು) ಹೆಗಲು ಮಾತ್ರ ಸುಟ್ಟು ಅದೇ ವಿನಿಗರಿಗೆ ಸ್ವಲ್ಪ ಕೆಚಪ್ ಸೇರಿಸುತ್ತಾರೆ. ಆ ಸ್ವಲ್ಪಕ್ಕೆ ಎಷ್ಟು ತಲೆಮಾರಿನ ಚರ್ಚೆ ಅಂತೀರಿ. ಗಡಿ ದಾಟಿ ಸೌತ್ ಕ್ಯಾರೊಲೈನಾಕ್ಕೆ ಹೋದರೆ ಸಾಸು ಹಳದಿ, ಸಾಸಿವೆಯದ್ದು. ಅಲಬಾಮದ ಡಿಕೇಟರ್‌ನಲ್ಲಿ ಬಿಗ್ ಬಾಬ್ ಗಿಬ್ಸನ್ ಎಂಬ ಅಂಗಡಿಯವರದ್ದು ಬಿಳಿ ಸಾಸು, ಮೇಯನೇಸ್ ಮತ್ತು ವಿನಿಗರ್ ಸೇರಿಸಿದ್ದು, 1925ರಿಂದ. ಅದನ್ನು ಮುಖ್ಯವಾಗಿ ಕೋಳಿಗೆ ಹಾಕುವುದು.

ಪೋರ್ಕ್ ಸ್ಟೇಕಿಗೆ ಇನ್ನೊಬ್ಬ ವಾರಸುದಾರರೂ ಇದ್ದಾರೆ. ಕೆಂಟಕಿಯ ದಕ್ಷಿಣ ತುದಿಯಲ್ಲಿ ಮನ್ರೋ ಕೌಂಟಿ, ಟಾಂಪ್‌ಕಿನ್ಸ್‌ವಿಲ್ ಊರು. ಅಲ್ಲಿ ಇದೇ ಹೆಗಲನ್ನು ಮೂಳೆ ಸಮೇತ ತುಂಬ ತೆಳ್ಳಗೆ ಕೊಯ್ದು ಹಿಕರಿ ಮರದ ಕೆಂಡದ ಮೇಲೆ ಸುಡುತ್ತಾರೆ. ಸಾಸು ಅಂದರೆ ವಿನಿಗರ್, ಬೆಣ್ಣೆ, ಕೆಂಪು ಮೆಣಸು, ಕರಿಮೆಣಸು. ಸಕ್ಕರೆಯ ಕಾರುಬಾರು ಇಲ್ಲ, ಹಾಗಾಗಿ ಸುಡುವಾಗ ಹೊಡೆದರೂ ಹೊತ್ತುವುದಿಲ್ಲ. ಬೇಕಾದರೆ ಇಡೀ ತುಂಡನ್ನು ಅದರಲ್ಲಿ ಮುಳುಗಿಸಿ ಕೊಡುತ್ತಾರೆ. ಮೊದಲ ತುತ್ತಿಗೇ ನನಗೆ ಮನೆ ನೆನಪಾಯಿತು. ನಮ್ಮ ಮಂಗಳೂರಿನ ಹಂದಿ ಸಾರು, ದುಕ್ರ ಮಾಸಿನಲ್ಲಿ ಇರುವುದೂ ಅದೇ ಅಲ್ವಾ? ಕೊಬ್ಬು, ಬಫಾತ್ ಪುಡಿಯ ಖಾರ, ಮೇಲಿಂದ ಹುಳಿ. ಜತೆಗೆ ತಿನ್ನುವ ಇಡ್ಲಿಯಂಥ ಸನ್ನ ಒಂದಿಲ್ಲ ಅಷ್ಟೆ.

ಧಾರವಾಡ ಫೇಡೆ · ಭಾನುವಾರ, 1:32

ಸಕ್ರಿ ಇಲ್ಲದ ಸಾಸು ಅಂದ್ರಲ್ಲ, ಈ ಮಾತು ಖರೇ.

ಪಂದಿಕರಿ ಪಾರ್ಟಿ · ಭಾನುವಾರ, ಸಂಜೆ 4:50

ಬೆಳಿಗ್ಗೆಯಿಂದ ಓದ್ತಾ ಇದ್ದೆ, ಸುಮ್ಮನಿರೋಣ ಅಂದುಕೊಂಡೆ, ಆಗಲಿಲ್ಲ. ಕೊಡಗಿನವಳು ನಾನು. ಈಗ ಇರೋದು ಮಿಸಿಸಿಪ್ಪಿಯ ಆಚೆ ದಡ, ಇಲಿನಾಯ್ ಕಡೆ. ಇಲ್ಲೂ ಪೋರ್ಕ್ ಸ್ಟೇಕ್ ಭಕ್ತರು ಕಡಿಮೆ ಇಲ್ಲ.

ತಮ್ಮಾ, ನಿನ್ನ ಪ್ರಶ್ನೆಗೆ ನಮ್ಮ ಪಂದಿ ಕರಿಯಲ್ಲೇ ಉತ್ತರ ಇದೆ. ಮೊದಲು ಮಾಂಸ ತನ್ನದೇ ಕೊಬ್ಬಿನಲ್ಲಿ, ತನ್ನದೇ ನೀರಿನಲ್ಲಿ ಬೇಯಬೇಕು. ಮೆಣಸು, ಜೀರಿಗೆ, ಕೊತ್ತಂಬರಿ ಎಲ್ಲ ಕಪ್ಪಾಗೋ ತನಕ ಹುರಿದ ಪುಡಿ ನಡುವೆ ಬರುತ್ತೆ. ಕಾಚಂಪುಳಿ ಕಟ್ಟಕಡೆಗೆ. ಒಂದು ಚಮಚ, ಹೆಚ್ಚೆಂದರೆ ಎರಡು. ನಮ್ಮಜ್ಜಿ ಬಾಟಲಿಯನ್ನ ಮೇಲಿನ ಶೆಲ್ಫಲ್ಲಿ ಇಡ್ತಿದ್ರು, ಮಕ್ಕಳು ಅವಸರಕ್ಕೆ ಮೊದಲೇ ಸುರಿದುಬಿಡ್ತಾರೆ ಅಂತ. ಕೆಂಡಗಣ್ಣ ಅವರು ಹೇಳಿದ್ದೂ ಇದೇ ಕ್ರಮ, ಇವರು ಸಾಸು ಅಂತಾರೆ, ನಾವು ಪುಳಿ ಅಂತೀವಿ.

ಕಾಚಂಪುಳಿ ಗೊತ್ತಿಲ್ಲದವರಿಗೆ: ಉಪ್ಪಾಗೆ ಹಣ್ಣಿನ ರಸ ಇಳಿಸಿ, ಗಂಟೆಗಟ್ಟಲೆ ಕುದಿಸಿ, ಕಪ್ಪಗೆ ಪಾಕದ ಹಾಗೆ ಆದಾಗ ಬಾಟಲಿಗೆ ತುಂಬೋದು. ನೋಡೋಕೆ ಮೊಲಾಸಸ್ ಥರ, ಸಿಹಿ ಮಾತ್ರ ಒಂದು ಚೂರೂ ಇಲ್ಲ. ವರ್ಷಗಟ್ಟಲೆ ಇಟ್ರೂ ಕೆಡಲ್ಲ. ಟ್ರೇಗೆ ಬಿಯರ್ ಹಾಕೋ ಹೊತ್ತಿಗಲ್ಲ, ಕೊನೆಯಲ್ಲಿ ಸವರೋ ಸಾಸಿಗೆ ಅರ್ಧ ಚಮಚ ಬೆರೆಸಿ ನೋಡು. ಸಕ್ಕರೆಯ ಅಬ್ಬರ ಇಳಿಯುತ್ತೆ.

ಜಯನಗರ ನಾಲ್ಕನೇ ಬ್ಲಾಕ್ · ಸೋಮವಾರ, ಬೆಳಿಗ್ಗೆ 6:10

ಬೆಂಗಳೂರಲ್ಲಿ ಈ ತುಂಡು ಸಿಗುತ್ತಾ? ನಮ್ಮ ಕಡೆ ಅಂಗಡಿಯವನು ಮರದ ಕೊರಡಿನ ಮೇಲೆ ಮಚ್ಚಲ್ಲಿ ಕುಟ್ಟಿ ಕುಟ್ಟಿ ಸಾರಿನ ಸೈಜಿಗೆ ತಂದುಬಿಡ್ತಾನೆ. ಸ್ಟೇಕ್ ಅಂದ್ರೆ ಮುಖ ನೋಡ್ತಾನೆ.

ಪಂದಿಕರಿ ಪಾರ್ಟಿ · ಸೋಮವಾರ, 7:25

ಮಚ್ಚಲ್ಲಿ ಆಗಲ್ಲ, ಮೂಳೆ ಸೀಳಿ ಚೂರು ಬರುತ್ತೆ. ಮಾಂಸ ಕೊಯ್ಯೋ ಮೆಷಿನ್ ಇರೋ ಕೋಲ್ಡ್ ಸ್ಟೋರೇಜ್ ಹುಡುಕಿ. ಸಿಗದಿದ್ರೆ ಮೂಳೆ ಬಿಡಿಸಿದ ಹೆಗಲಿನ ಇಡೀ ಗಟ್ಟಿ ತಗೊಂಡು, ಅರ್ಧ ಗಂಟೆ ಫ್ರೀಜರಲ್ಲಿಟ್ಟು ಬಿಗಿಯಾದ ಮೇಲೆ ಮನೇಲೇ ಒಂದು ಇಂಚಿಗೆ ಕೊಯ್ಯಿರಿ. ಚರ್ಮ ಬೇಡ ಅಂತ ಮೊದಲೇ ಹೇಳಿ. ಕೊಬ್ಬು ಮಾತ್ರ ತೆಗೆಸಬೇಡಿ.

ಮೈಸೂರು ಟು ಮಿಸೌರಿ · ಸೋಮವಾರ, ರಾತ್ರಿ 9:02

ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಬರೋ ನೆಂಟರು ನನ್ನ ಕೈರುಚಿ ನಂಬಲ್ಲ, ಒಂದು ದಿನ ಹೊರಗೂ ಕರ್ಕೊಂಡು ಹೋಗಬೇಕು. ಹೋದ ತಿಂಗಳು ಒಂದು ಕಡೆ (ಹೆಸರು ಬೇಡ) ಒಣಗಿ ಸೌದೆಯಾದ ರಿಬ್ಸ್ (ಪಕ್ಕೆಲುಬು) ಮೇಲೆ ಅರ್ಧ ಲೋಟ ಸಾಸು ಸುರಿದು ಕೊಟ್ರು. ಎಲ್ಲಿಗೆ ಹೋಗೋದು?

ಕೆಂಡಗಣ್ಣ · ಸೋಮವಾರ, 9:40

ಮೊದಲೇ ಹೇಳ್ತೀನಿ, ಪೋರ್ಕ್ ಸ್ಟೇಕ್ ಹಿತ್ತಲ ಅಡುಗೆ, ಹೋಟೆಲ್ ಮೆನುವಿನಲ್ಲಿ ಸಿಗೋದು ಕಡಿಮೆ. ನಮ್ಮಲ್ಲಿ ಮನೆ ಹುರುಳಿ ಬಸ್ಸಾರು ಹೋಟೆಲಲ್ಲಿ ಹುಡುಕಿದ ಹಾಗೆ. ಅದೇ ಬೇಕು ಅಂದ್ರೆ ನದಿ ದಾಟಿ ಬೆಲ್‌ವಿಲ್‌ಗೆ ಹೋಗು, ಬೀಸ್ಟ್ ಕ್ರಾಫ್ಟ್ ಬಾರ್ಬೆಕ್ಯೂ ಹೆಸರು ಮಾಡಿದ್ದೇ ದಪ್ಪ ಪೋರ್ಕ್ ಸ್ಟೇಕಿನಿಂದ.

ರಿಬ್ಸ್ ಅಂದ್ರೆ ಆಲಿವ್ ಸ್ಟ್ರೀಟಿನ ಪ್ಯಾಪೀಸ್ ಸ್ಮೋಕ್‌ಹೌಸ್, 2008ರಿಂದ ಇದೆ. ಅಲ್ಲಿ ಮೆಂಫಿಸ್ ಶೈಲಿ, ಒಣ ಮಸಾಲೆ ಉಜ್ಜಿ ಹೊಗೇಲಿ ಬೇಯಿಸ್ತಾರೆ, ಸಾಸು ಮೇಜಿನ ಮೇಲೆ ಬಾಟಲೀಲಿ. ಮಾಡಿದ್ದು ಖಾಲಿಯಾದ್ರೆ ಅವತ್ತಿಗೆ ಬಾಗಿಲು ಹಾಕ್ತಾರೆ, ಹಾಗಾಗಿ ಸಂಜೆ ಹೋಗಿ ಪೆಚ್ಚಾಗಬೇಡ. ಸೂಲಾರ್ಡ್ ಮಾರ್ಕೆಟ್ ಕಡೆಗಾದ್ರೆ ಬೋಗಾರ್ಟ್ಸ್. ರಿಬ್ಸ್ ಮೇಲೆ ಏಪ್ರಿಕಾಟ್ ಪಾಕ ಸವರಿ ಟಾರ್ಚ್ ಬೆಂಕಿ ಹಿಡೀತಾರೆ, ಮೇಲೆ ಗಾಜಿನ ಹಾಗೆ ಕಟ್ಟುತ್ತೆ. ನೋಡು, ಅಲ್ಲೂ ಸಿಹಿ ಕಡೆಯಲ್ಲೇ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಮಾತ್ರ ಸಿ ಆಂಡ್ ಕೆ. 1963ರಿಂದ ನಡೀತಿರೋ ಕಪ್ಪು ಸಮುದಾಯದ ಹಳೇ ಅಂಗಡಿ. ಅಲ್ಲಿ ಸ್ನೂಟ್ ಕೇಳು. ಹಂದಿಯ ಮೂಗು, ಕೆನ್ನೆಯ ಭಾಗ, ಕೆಂಡದ ಮೇಲೆ ಹಪ್ಪಳದ ಹಾಗೆ ಗರಿಗರಿ ಆಗೋ ತನಕ ಸುಟ್ಟು, ತೆಳ್ಳನೆ ಸಾಸಲ್ಲಿ ಅದ್ದಿ ಕೊಡ್ತಾರೆ. ಮೊದಲ ಐದು ನಿಮಿಷ ಕರಕರ, ಹತ್ತು ನಿಮಿಷಕ್ಕೆ ಸಾಸು ಹೀರಿ ಮೆತ್ತಗೆ. ಎರಡೂ ಹದ ಚೆಂದ. ಕಾರಲ್ಲೇ ತಿನ್ನು, ಮನೆವರೆಗೆ ಕಾಯಬೇಡ.

ಧಾರವಾಡ ಫೇಡೆ · ಸೋಮವಾರ, 10:15

ಹಂಗಿದ್ರ ನಾಕ್ ತಾಸು ಗಾಡಿ ಹೊಡದು ಕಾನ್ಸಾಸ್ ಸಿಟಿಗೇ ಹೋಗ್ರಲಾ. ಅಲ್ಲಿ ಬಾರ್ಬೆಕ್ಯೂಕ್ಕ ಹೆನ್ರಿ ಪೆರ್ರಿ ಹಾಕಿಕೊಟ್ಟ ಹಾದಿ, ಆರ್ಥರ್ ಬ್ರಯಂಟ್ಸ್, ಗೇಟ್ಸ್ ಅಂತ ಹೆಸರಾದ ಅಂಗಡಿ, ಬ್ರಿಸ್ಕೆಟ್ (ದನದ ಎದಿ ಮಾಂಸ) ತುದಿಯ ಸುಟ್ಟ ತುಂಡು. ಒಂದ ರಾಜ್ಯದಾಗ ಇದ್ದೂ ಯಾಕ ಅವರ ಹೆಸರು ಬಾಯಾಗ ಬರವಲ್ದು ನಿಮಗ?

ಕೆಂಡಗಣ್ಣ · ಸೋಮವಾರ, 10:18

ಧಾರವಾಡದವರ ಮುಂದೆ ಬೆಳಗಾವಿ ಕುಂದಾ ಹೊಗಳಿದ್ರೆ ನಿಮಗೆ ಹ್ಯಾಗಿರುತ್ತೆ?

ಧಾರವಾಡ ಫೇಡೆ · ಸೋಮವಾರ, 10:21

ತಿಳೀತ್ರಿ, ಬಿಡ್ರಿ.

ಕುಡ್ಲ ಕಡಲು · ಮಂಗಳವಾರ, ಬೆಳಿಗ್ಗೆ 8:05

ಹಂದಿ ತಿನ್ನದ ನೆಂಟರಿದ್ದರೆ ಇದೂ ಗೊತ್ತಿರಲಿ: ಪಶ್ಚಿಮ ಕೆಂಟಕಿಯ ಓವೆನ್ಸ್‌ಬರೊದಲ್ಲಿ ಕುರಿಯ ಬಾರ್ಬೆಕ್ಯೂ ಸಿಗುತ್ತದೆ, ಮೂನ್‌ಲೈಟ್ ಎಂಬ ಹೋಟೆಲು. ಜತೆಗೆ ವೂಸ್ಟರ್ ಸಾಸಿನ ಕಪ್ಪು ನೀರು. ಸೇಂಟ್ ಲೂಯಿಸಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದು. ನನ್ನ ಅಪ್ಪ ಇಡೀ ಅಮೆರಿಕದಲ್ಲಿ ಮೆಚ್ಚಿದ ಊಟ ಅದೊಂದೇ.

ಮೈಸೂರು ಟು ಮಿಸೌರಿ · ಭಾನುವಾರ, ರಾತ್ರಿ 10:34

ವರದಿ ಒಪ್ಪಿಸ್ತಿದೀನಿ. ಹಬ್ಬಕ್ಕೆ ಮುಂಚೆ ಇವತ್ತು ರಿಹರ್ಸಲ್ ಮಾಡಿದೆ.

ಆರು ತುಂಡು. ಶನಿವಾರ ರಾತ್ರಿ ಉಪ್ಪು, ಮೆಣಸು. ಇವತ್ತು ಎರಡು ಗಂಟೆಗೆ ಇದ್ದಿಲು ಹಚ್ಚಿದೆ. ಮೇಲೆ ಬೂದಿ ಕಟ್ಟೋವರೆಗೆ ಕಾಯಬೇಕು ಅಂತ ತಾತ ಬೇಲಿ ಆಚೆಯಿಂದಲೇ ಕೈ ಸನ್ನೆ ಮಾಡಿದ್ರು, ಕಾದೆ. ಮೊದಲ ಸುತ್ತಿನಲ್ಲಿ ಎರಡು ಸಲ ಬೆಂಕಿ ಎದ್ದಿತು, ಎರಡು ಸಲವೂ ಪಕ್ಕಕ್ಕೆ ಎಳೆದೆ. ಆಮೇಲೆ ಟ್ರೇ, ಈರುಳ್ಳಿ, ಮಾಲ್ಸ್. ಮನೇಲಿ ಅತ್ತೆ ಇದಾರೆ, ಹಾಗಾಗಿ ಬಿಯರ್ ಬದಲು ಸೇಬಿನ ರಸಕ್ಕೆ ನೀರು ಬೆರೆಸಿ ಹಾಕಿದೆ, ಏನೂ ಕಮ್ಮಿ ಅನಿಸಲಿಲ್ಲ. ಒಂದು ಗಂಟೆಗೆ ಫಾಯಿಲ್ ತೆಗೆದು ಚುಚ್ಚಿದೆ, ಇನ್ನೂ ಬಿಗಿ ಇತ್ತು. ಇನ್ನೊಂದು ಇಪ್ಪತ್ತೈದು ನಿಮಿಷ ಬಿಟ್ಟಾಗ ಫೋರ್ಕ್ ತಿರುಗಿತು. ತಳದ ಈರುಳ್ಳಿ ಕರಗಿ ಗೊಜ್ಜಾಗಿತ್ತು. ಅತ್ತೆ ಮಾಂಸಕ್ಕಿಂತ ಆ ಗೊಜ್ಜನ್ನೇ ಎರಡು ಸಲ ಹಾಕಿಸ್ಕೊಂಡು ಚಪಾತಿ ತಿಂದ್ರು.

ಕೊನೆಗೆ ಸವರೋಕೆ ಅರ್ಧ ತುಂಡುಗಳಿಗೆ ಬರೀ ಮಾಲ್ಸ್, ಅರ್ಧಕ್ಕೆ ಕಾಚಂಪುಳಿ ಬೆರೆಸಿದ್ದು. (ಮಡಿಕೇರಿಯಿಂದ ತಂದ ಬಾಟಲಿ ಹೆಂಡತಿಯ ಗೆಳತಿ ಹತ್ರ ಇತ್ತು, ಇಂಜೆಕ್ಷನ್ ಬಾಟಲಿಯಷ್ಟು ಅಳೆದು ಕೊಟ್ಟಳು.) ನಮ್ಮ ಮನೇಲಿ ಎಲ್ಲರೂ ಕೈ ಹಾಕಿದ್ದು ಕಾಚಂಪುಳಿಯದಕ್ಕೆ. ಹೆಂಡತಿ ಚಪ್ಪಲಿ ಮಾತು ವಾಪಸ್ ತಗೊಂಡಿಲ್ಲ, ಆದ್ರೆ ಮೂಳೆ ಚೀಪಿದಳು.

ತಾತನಿಗೂ ಫಾಯಿಲಲ್ಲಿ ಒಂದು ಕೊಟ್ಟೆ, ಕಾಚಂಪುಳಿಯದ್ದೇ. ಬೇಲಿ ಪಕ್ಕದಲ್ಲೇ ನಿಂತು ತಿಂದ್ರು. ಮಾಂಸ ಸರಿಯಾಗಿ ಬೆಂದಿದೆ ಅಂದ್ರು. ಹುಳಿ ಯಾವುದು ಅಂತ ಕೇಳಿದ್ರು, ಹೇಳಿದೆ. ಚೆನ್ನಾಗಿದೆ ಅಂತ ತಲೆ ಆಡಿಸಿದ್ರು. ಆಮೇಲೆ ಒಳಗೆ ಹೋಗಿ ಮಾಲ್ಸ್ ಬಾಟಲಿ ತಂದು ಅದರ ಮೇಲೆ ಸುರಿದುಕೊಂಡು ಉಳಿದಿದ್ದು ತಿಂದ್ರು.

ಪಂದಿಕರಿ ಪಾರ್ಟಿ · ಭಾನುವಾರ, 10:51

ನಮ್ಮಪ್ಪನೂ ಅಷ್ಟೇ. ಯಾರ ಮನೆ ಪಂದಿ ಕರಿ ಆದ್ರೂ ಸರಿ, ಮೇಲಿಂದ ನಮ್ಮನೆ ಕಾಚಂಪುಳಿ ಒಂದು ತೊಟ್ಟು ಬೀಳಲೇಬೇಕು. ಜುಲೈ ನಾಲ್ಕಕ್ಕೆ ಎಷ್ಟು ಜನ? ಇಂಜೆಕ್ಷನ್ ಬಾಟಲಿ ಸಾಲಲ್ಲ, ನನ್ನ ಹತ್ರ ಅರ್ಧ ಲೀಟರ್ ಇದೆ, ನದಿ ದಾಟಿ ಬಂದು ತಗೊಂಡು ಹೋಗು.

ಬರೀ ಸೊಪ್ಪು · ಭಾನುವಾರ, 11:03

ಅದರಲ್ಲಿ ಮೀನಿಲ್ಲ ತಾನೇ?

ಪಂದಿಕರಿ ಪಾರ್ಟಿ · ಭಾನುವಾರ, 11:04

ಬರೀ ಹಣ್ಣು, ಮೇಡಂ. ನಿಮ್ಮ ಜೋಳಕ್ಕೂ ಒಂದು ಸಣ್ಣ ಬಾಟಲಿ ಎತ್ತಿಡ್ತೀನಿ.